ಜೇಬಿನಲ್ಲಿ ಊರಿನ ನಕ್ಷೆ: ದಾರಿಗೆ ಆದೀತು, ಬಾಂದುಕಲ್ಲಿಗೆ ಆಗದು



ನಿಮ್ಮ ತೋಟ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಕೆರೆ ಕೋಡಿ ದಾಟಿ, ಹುಣಸೆ ಮರದ ಹತ್ತಿರ ಎಡಕ್ಕೆ ತಿರುಗಿ, ಪಂಪ್‌ಹೌಸ್ ಆದ ಮೇಲೆ ಎರಡನೆಯ ತೋಟ ಎನ್ನುತ್ತೀರಿ. ಊರಿನವರಿಗೆ ಅಷ್ಟು ಸಾಕು. ಬೋರ್‌ವೆಲ್ ಕೊರೆಯಲು ಬರುವ ಲಾರಿಯವರಿಗೆ, ಅರಸೀಕೆರೆಯಿಂದ ಕಾಯಿ ತುಂಬಲು ಬರುವ ಗಾಡಿಯವರಿಗೆ, ನಡುರಾತ್ರಿ ಹಾವು ಕಚ್ಚಿದಾಗ ಬರಬೇಕಾದ ಆಂಬುಲೆನ್ಸಿನವರಿಗೆ ಅಷ್ಟು ಸಾಲದು. ಇವರೆಲ್ಲ ಈಗ ಫೋನಿನ ನಕ್ಷೆಯನ್ನೇ ನಂಬಿ ಹೊರಡುವವರು.

ಸರ್ಕಾರದ ಕೆಲಸಗಳೂ ಹಾಗೆಯೇ ಆಗಿವೆ. ಬೆಳೆ ಸಮೀಕ್ಷೆಯ ಚಿತ್ರವನ್ನು ಹೊಲದಲ್ಲೇ ನಿಂತು ತೆಗೆಯಬೇಕು. ಜಮೀನು ಕೊಳ್ಳುವವರು ಮೊದಲು ಫೋನಿನಲ್ಲಿ ಸರ್ವೆ ನಂಬರು ನೋಡುತ್ತಾರೆ. ಮನೆಯಲ್ಲಿ ಫೋನಿದ್ದರೂ ಅದರಲ್ಲಿ ನಕ್ಷೆ ಇಟ್ಟುಕೊಳ್ಳುವುದು ಹೇಗೆಂದು ತಿಳಿಯದವರು ಬಹಳ ಮಂದಿ. ಇನ್ನು ಕೆಲವರು ಇನ್ನೊಂದು ತುದಿಗೆ ಹೋಗಿ, ಫೋನು ಹಿಡಿದು ಬದುವಿನ ಮೇಲೆ ನಡೆದು, ‘ನಿನ್ನ ತೆಂಗಿನ ಸಾಲು ನನ್ನ ಜಾಗದಲ್ಲಿದೆ’ ಎಂದು ಪಕ್ಕದವರ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳುವ ಕ್ರಮ ಯಾವುದು, ಅದನ್ನು ಯಾವ ಕೆಲಸಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬುದನ್ನು ಇಲ್ಲಿ ನೋಡೋಣ.

ಫೋನಿಗೆ ಜಾಗ ಗೊತ್ತಾಗುವುದು ಹೇಗೆ?

ಫೋನಿಗೆ ತಾನಿರುವ ಜಾಗ ತಿಳಿಯುವುದು ಮುಖ್ಯವಾಗಿ ಆಕಾಶದಲ್ಲಿರುವ ಉಪಗ್ರಹಗಳಿಂದ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತಲೇ ಇರುತ್ತದೆ. ಆ ಅಲೆ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕಿದರೆ ನಿಂತ ಜಾಗ ತಿಳಿಯುತ್ತದೆ.

2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಈ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಇದು ದಾರಿ ಹುಡುಕುವ ಕೆಲಸಕ್ಕೆ ಚೆನ್ನಾಗಿ ಒದಗಿತು. ಭಾರತವೂ ನಾವಿಕ್ ಎಂಬ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಈ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಜಿಲ್ಲಾ ಕೇಂದ್ರವಾದ ಹಾಸನದಲ್ಲೇ. 1982ರಲ್ಲಿ ಆರಂಭವಾದ ಕೇಂದ್ರ ಅದು.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ನೆನಪಿಡಬೇಕು. ಉಪಗ್ರಹದ ಸಂಕೇತ ಹಿಡಿಯಲು ಫೋನಿಗೆ ಸಿಮ್ ಬೇಕಿಲ್ಲ, ಟವರ್ ಬೇಕಿಲ್ಲ, ಡೇಟಾ ಬೇಕಿಲ್ಲ. ಸಿಗ್ನಲ್ ಇಲ್ಲದ ಹಳ್ಳದ ದಂಡೆಯಲ್ಲೂ ಫೋನು ತಾನಿರುವ ಜಾಗವನ್ನು ತಿಳಿದುಕೊಳ್ಳುತ್ತದೆ. ಡೇಟಾ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು ಮಾತ್ರ. ಆದ್ದರಿಂದ ಸಿಗ್ನಲ್ ಇರುವ ಕಡೆ ಮೊದಲೇ ನಕ್ಷೆಯನ್ನು ಇಳಿಸಿ ಇಟ್ಟುಕೊಂಡರೆ, ಸಿಗ್ನಲ್ ಇಲ್ಲದ ಕಡೆ ಅದು ಉಪಯೋಗಕ್ಕೆ ಬರುತ್ತದೆ.

ದಾರಿಯ ನಕ್ಷೆಯನ್ನು ಇಳಿಸಿಕೊಳ್ಳುವ ಕ್ರಮ

ರೈತರಿಗೆ ಬೇಕಾಗುವ ನಕ್ಷೆಗಳು ಎರಡು ಬಗೆ. ಒಂದು ದಾರಿಯ ನಕ್ಷೆ, ಇನ್ನೊಂದು ಸರ್ವೆ ನಂಬರಿನ ನಕ್ಷೆ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ದಾರಿಗೆ ಹೆಚ್ಚು ಮಂದಿ ಬಳಸುವುದು ಗೂಗಲ್ ಮ್ಯಾಪ್ಸ್. ಸಾಮಾನ್ಯವಾಗಿ ಇದು ಫೋನಿನಲ್ಲಿ ಮೊದಲೇ ಇರುತ್ತದೆ. ಕ್ರಮ ಹೀಗೆ:

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ಎಂಬುದನ್ನು ಆನ್ ಮಾಡಿ.

2. ಪೇಟೆಯಲ್ಲಿಯೋ, ವೈಫೈ ಇರುವ ಮನೆಯಲ್ಲಿಯೋ ಮ್ಯಾಪ್ಸ್ ತೆರೆಯಿರಿ. ಮೇಲ್ಗಡೆ ಮೂಲೆಯಲ್ಲಿರುವ ನಿಮ್ಮ ಖಾತೆಯ ದುಂಡು ಗುರುತನ್ನು ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ ಆರಿಸಿ.

3. ‘ನಿಮ್ಮ ಸ್ವಂತ ನಕ್ಷೆ ಆರಿಸಿ’ ಎಂಬುದನ್ನು ಒತ್ತಿದಾಗ ಪರದೆಯ ಮೇಲೆ ಒಂದು ಚೌಕ ಬರುತ್ತದೆ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಹಾಸನ ಎಲ್ಲವೂ ಅದರೊಳಗೆ ಬರುವಂತೆ ಎಳೆದು ಹೊಂದಿಸಿ. ಸಂತೆ, ಆಸ್ಪತ್ರೆ, ಮಾರುಕಟ್ಟೆ ಎಂದು ನೀವು ಓಡಾಡುವ ಊರುಗಳೆಲ್ಲ ಸೇರಿದರೆ ಒಳ್ಳೆಯದು.

4. ‘ಡೌನ್‌ಲೋಡ್’ ಒತ್ತಿ, ಪೂರ್ತಿ ಇಳಿಯುವವರೆಗೆ ಕಾಯಿರಿ. ಫೋನಿನಲ್ಲಿ ಜಾಗ ಸಾಲದಿದ್ದರೆ ಬೇಡವಾದ ವೀಡಿಯೋಗಳನ್ನು ಅಳಿಸಿ.

5. ಹೀಗೆ ಇಳಿಸಿದ ನಕ್ಷೆ ಬಹುಕಾಲ ನಿಲ್ಲುವುದಿಲ್ಲ. ಆಗಾಗ ತೆರೆದು ‘ಅಪ್‌ಡೇಟ್’ ಮಾಡುತ್ತಿರಬೇಕು.

ಡೇಟಾ ಇಲ್ಲದಾಗ ಈ ನಕ್ಷೆ ಗಾಡಿಯ ದಾರಿಯನ್ನು ತೋರಿಸುತ್ತದೆ. ನಡೆದು ಹೋಗುವ ದಾರಿ, ಬಸ್ಸಿನ ವಿವರ ಸಿಗುವುದಿಲ್ಲ. ಇನ್ನೊಂದು ಮಾತು. ಮಳೆಗಾಲದಲ್ಲಿ ಕೆಸರಾಗುವ ದಾರಿ ಯಾವುದು, ಲಾರಿ ತಿರುಗದ ಓಣಿ ಯಾವುದು ಎಂಬುದು ಈ ನಕ್ಷೆಗೆ ತಿಳಿಯದು. ಭಾರದ ಗಾಡಿ ತರಿಸುವಾಗ ‘ಫೋನು ಹೇಳಿದಂತೆ ಬಾ’ ಎನ್ನಬೇಡಿ. ದೊಡ್ಡ ರಸ್ತೆಯ ತನಕ ಫೋನು, ಅಲ್ಲಿಂದ ಮುಂದೆ ನಿಮ್ಮ ಮಾತು ಎಂದು ಇಟ್ಟುಕೊಳ್ಳಿ.

ತೋಟಕ್ಕೂ ಒಂದು ವಿಳಾಸ

ನಕ್ಷೆಯಲ್ಲಿ ನಿಮ್ಮ ತೋಟದ ಗೇಟಿನ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಒಂದು ಕೆಂಪು ಗುರುತು ನಿಲ್ಲುತ್ತದೆ. ಅದರ ಜೊತೆಗೆ ಎರಡು ಅಂಕಿಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಜಾವಗಲ್, ಅರಸೀಕೆರೆ ಕಡೆ ಮೊದಲ ಅಂಕಿ 13ರಿಂದಲೂ ಎರಡನೆಯದು 76ರಿಂದಲೂ ಆರಂಭವಾಗುತ್ತದೆ. ಹಳೇಬೀಡಿನ ದೇವಾಲಯದ ಕಡೆಗೆ, ಬೇಲೂರಿನ ಕಡೆಗೆ ಹೋದರೆ ಎರಡನೆಯ ಅಂಕಿ 75 ಆಗುತ್ತದೆ. 76ನೆಯ ರೇಖಾಂಶ ಹಾದುಹೋಗುವುದು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ. ನಿಮಗೆ ಬಂದ ಅಂಕಿ ಇದಕ್ಕಿಂತ ಬೇರೆಯಾಗಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ.

ಚುಕ್ಕೆಯ ನಂತರದ ಅಂಕಿಗಳಿಗೂ ಬೆಲೆಯುಂಟು. ಚುಕ್ಕೆಯ ನಂತರದ ನಾಲ್ಕನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು 11 ಮೀಟರ್ ವ್ಯತ್ಯಾಸ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆಯ ಬದಿಯಷ್ಟು. ಎರಡನೆಯ ಅಂಕಿ ಬದಲಾದರೆ ಒಂದು ಕಿಲೋಮೀಟರಿಗೂ ಹೆಚ್ಚು. ಆದ್ದರಿಂದ ಬರೆದುಕೊಳ್ಳುವಾಗ ಐದು ಅಂಕಿಗಳವರೆಗೆ ಪೂರ್ತಿ ಬರೆಯಿರಿ.

ತೋಟದ ಮನೆ, ಬೋರ್‌ವೆಲ್, ಗೇಟು ಇವುಗಳ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು, ಪಹಣಿ ಇಟ್ಟಿರುವ ಕಡೆಯೇ ಇಡಿ. ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿ. 108ಕ್ಕೋ 112ಕ್ಕೋ ಫೋನು ಮಾಡಿದಾಗ ಊರು, ಹೋಬಳಿ, ಗುರುತಿನ ಜಾಗ ಹೇಳುವುದು ಮೊದಲು. ಅದರ ಜೊತೆಗೆ ಈ ಅಂಕಿಗಳನ್ನು ಓದಿ ಹೇಳುವುದೂ ಗೊತ್ತಿದ್ದರೆ ಹುಡುಕಾಟ ತಪ್ಪುತ್ತದೆ.

ಸರ್ವೆ ನಂಬರು ತೋರಿಸುವ ದಿಶಾಂಕ್

ಎರಡನೆಯ ಬಗೆಯ ನಕ್ಷೆಗೆ ಕರ್ನಾಟಕದಲ್ಲಿ ‘ದಿಶಾಂಕ್’ ಎಂಬ ಆ್ಯಪ್ ಇದೆ. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಗ್ರಾಮ ನಕ್ಷೆಗಳನ್ನು ಗಣಕೀಕರಿಸಿ, ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಇದನ್ನು ಸಿದ್ಧಪಡಿಸಿದ್ದಾರೆ. ಪ್ಲೇ ಸ್ಟೋರಿನಲ್ಲಿ ಹೆಸರು ಹುಡುಕಿ ಹಾಕಿಕೊಳ್ಳಬಹುದು. ಲೊಕೇಶನ್ ಆನ್ ಇರಬೇಕು, ಡೇಟಾ ಕೂಡ ಇರಬೇಕು.

ಹೊಲದಲ್ಲಿ ನಿಂತು ಇದನ್ನು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಮನೆಯಲ್ಲಿ ಕುಳಿತು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೂ ಆ ಜಮೀನು ನಕ್ಷೆಯ ಮೇಲೆ ಬರುತ್ತದೆ. ನಮ್ಮ ಭಾಗದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಜಾವಗಲ್ ಹೋಬಳಿ ಅರಸೀಕೆರೆ ತಾಲ್ಲೂಕಿಗೆ ಸೇರಿದೆ. ಪಕ್ಕದ ಹಳೇಬೀಡು ಹೋಬಳಿ ಬೇಲೂರು ತಾಲ್ಲೂಕಿಗೆ ಸೇರಿದೆ. ಎರಡೂ ಕಡೆ ಜಮೀನಿರುವವರು ಎರಡು ತಾಲ್ಲೂಕುಗಳಲ್ಲಿ ಬೇರೆ ಬೇರೆಯಾಗಿ ಹುಡುಕಬೇಕು. ಒಂದೇ ಸರ್ವೆ ನಂಬರು ಹತ್ತಾರು ಊರುಗಳಲ್ಲಿ ಇರುತ್ತದೆ. ಗ್ರಾಮದ ಹೆಸರು ಸರಿಯಿಲ್ಲದೆ ನಂಬರೊಂದೇ ಸರಿಯಿದ್ದರೆ ಬೇರೆಯವರ ಜಮೀನು ನೋಡಿ ಬಂದಂತಾಗುತ್ತದೆ.

ತೋಟದಲ್ಲಿ ಡೇಟಾ ಸಿಗದಿದ್ದರೆ, ಮನೆಯಲ್ಲೇ ಆ ನಕ್ಷೆ ತೆರೆದು ಪರದೆಯ ಚಿತ್ರವನ್ನು, ಅಂದರೆ ಸ್ಕ್ರೀನ್‌ಶಾಟನ್ನು ತೆಗೆದು ಇಟ್ಟುಕೊಳ್ಳಿ.

ಇದರ ಜೊತೆಗೆ ಇಲಾಖೆಯ ಜಾಲತಾಣದಲ್ಲಿ ಕಂದಾಯ ಗ್ರಾಮ ನಕ್ಷೆಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ನಿಮ್ಮ ಊರಿನ ನಕ್ಷೆಯನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಮತ್ತೆ ಡೇಟಾ ಬೇಕಿಲ್ಲ. ಈ ನಕ್ಷೆಯಲ್ಲಿ ಸರ್ವೆ ನಂಬರುಗಳಲ್ಲದೆ ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ, ಗುಡಿ, ಬಾವಿಗಳ ಗುರುತುಗಳೂ ಇರುತ್ತವೆ. ಅಂಚಿನಲ್ಲಿರುವ ಚಿಹ್ನೆಗಳ ಪಟ್ಟಿಯನ್ನು ಮೊದಲು ಓದಿಕೊಳ್ಳಿ. ವಾಚನಾಲಯದಲ್ಲಿ ಇದರ ದೊಡ್ಡ ಪ್ರತಿಯೊಂದನ್ನು ಮುದ್ರಿಸಿ ಗೋಡೆಗೆ ಹಾಕಿದರೆ ಫೋನು ಇಲ್ಲದವರಿಗೂ ಅನುಕೂಲ.

ಜಮೀನು ಕೊಳ್ಳುವವರಿಗೆ ಈ ಎರಡು ನಕ್ಷೆಗಳಿಂದ ಬಹಳ ಉಪಕಾರವಿದೆ. ಮುಂಗಡ ಕೊಡುವ ಮೊದಲು ಆ ಜಮೀನಿನೊಳಗೆ ಹಳ್ಳ ಹಾದಿದೆಯೇ, ಪಕ್ಕದಲ್ಲಿ ಕೆರೆಯಂಗಳ ಇದೆಯೇ, ನಕ್ಷೆಯಲ್ಲಿ ಬಂಡಿದಾರಿ ಇದೆಯೇ ಎಂದು ನೋಡಬಹುದು. ಪಹಣಿಯಲ್ಲಿ ಕರಾಬು ಎಷ್ಟಿದೆ ಎಂಬುದನ್ನೂ ಜೊತೆಗೇ ನೋಡಬೇಕು. ‘ಬಿ’ ಕರಾಬು ಎಂದಿರುವುದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಭೂಮಿ. ಅದನ್ನು ಮಾರುವ ಹಕ್ಕು ಖಾತೆದಾರನಿಗಿಲ್ಲ. ಮಾರುವವರು ತೋರಿಸಿದ ಹೊಲ ಒಂದು, ಪತ್ರದಲ್ಲಿರುವ ನಂಬರು ಇನ್ನೊಂದು ಆಗಿದ್ದರೆ ಅದೂ ಹೊಲದಲ್ಲಿ ನಿಂತ ಕೂಡಲೇ ತಿಳಿಯುತ್ತದೆ.

ಅರ್ಧ ಚೈನಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ತೋರಿಸುವ ಫೋನು ಗಡಿಯನ್ನೂ ತೋರಿಸಬಾರದೇಕೆ?

ಮೊದಲ ಕಾರಣ ಉಪಗ್ರಹದ್ದು. ಬಯಲಿನಲ್ಲಿ, ಆಕಾಶ ಪೂರ್ತಿ ಕಾಣುವ ಕಡೆ ಸಾಧಾರಣ ಫೋನು ತೋರಿಸುವ ಜಾಗ ನಿಜವಾದ ಜಾಗದಿಂದ ಸುಮಾರು 5 ಮೀಟರ್ ಆಚೀಚೆ ಇರಬಹುದು. ತೆಂಗಿನ ಗರಿಗಳ ಕೆಳಗೆ, ಅಡಿಕೆ ತೋಟದೊಳಗೆ, ಗೋಡೆಯ ಮಗ್ಗುಲಲ್ಲಿ ಇದು ಇನ್ನೂ ಹೆಚ್ಚಾಗುತ್ತದೆ. ಸಂಕೇತ ಎಲೆಗೆ, ಗೋಡೆಗೆ ತಡೆದು, ತಾಗಿ ಬರುವುದೇ ಇದಕ್ಕೆ ಕಾರಣ. ಒಂದೇ ಕಡೆ ನಿಂತಿದ್ದರೂ ಪರದೆಯ ಮೇಲಿನ ನೀಲಿ ಚುಕ್ಕೆ ಅಲೆದಾಡುವುದನ್ನು ನೀವೇ ನೋಡಿರಬಹುದು.

5 ಮೀಟರ್ ಎಂದರೆ 16 ಅಡಿಗೂ ಸ್ವಲ್ಪ ಹೆಚ್ಚು. ನಮ್ಮ ಸರ್ವೆಯ 33 ಅಡಿ ಚೈನಿನ ಲೆಕ್ಕದಲ್ಲಿ ಅರ್ಧ ಚೈನು. ತೆಂಗಿನ ಸಸಿಗಳ ನಡುವೆ ಬಿಡುವ ಅಂತರ ಸುಮಾರು 30 ಅಡಿ. ಅದರ ಅರ್ಧಕ್ಕಿಂತಲೂ ಹೆಚ್ಚಾಯಿತು. ಹಾಗಾದರೆ ಬದುವಿನ ಪಕ್ಕದ ಒಂದು ಸಾಲು ಪೂರ್ತಿ ಯಾರದು ಎಂಬುದೇ ಫೋನಿಗೆ ತಿಳಿಯುವುದಿಲ್ಲ.

ಲೆಕ್ಕ ಮಾಡಿ ನೋಡಿ. ಒಂದು ಚೈನು ಉದ್ದ, ಒಂದು ಚೈನು ಅಗಲ ಸೇರಿದರೆ 1,089 ಚದರಡಿ, ಅದೇ ಒಂದು ಗುಂಟೆ. ನಿಮ್ಮ ಬದು ಹತ್ತು ಚೈನು ಉದ್ದವಿದ್ದು, ಫೋನಿನ ಗೆರೆ ಅರ್ಧ ಚೈನು ಸರಿದರೆ ಐದು ಗುಂಟೆಯ ವ್ಯತ್ಯಾಸ ಬಂತು. ಎಕರೆಗೆ 40 ಗುಂಟೆಯಾದರೆ ಇದು ಎಕರೆಯ ಎಂಟನೆಯ ಒಂದು ಪಾಲು. ಇಷ್ಟು ನೆಲಕ್ಕಾಗಿ ಅಣ್ಣತಮ್ಮಂದಿರು ವರ್ಷಾನುಗಟ್ಟಲೆ ಕೋರ್ಟು ಅಲೆದಿರುವ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ.

ಎರಡನೆಯ ಕಾರಣ ನಕ್ಷೆಯದು. ನಮ್ಮ ಗ್ರಾಮ ನಕ್ಷೆಗಳ ಅಳತೆ 1ಕ್ಕೆ 7,920. ಎಂದರೆ ನಕ್ಷೆಯ ಮೇಲಿನ ಒಂದು ಅಂಗುಲ ನೆಲದ ಮೇಲೆ 20 ಚೈನು. ನಕ್ಷೆಯ ಒಂದು ಮಿಲಿಮೀಟರು ನೆಲದಲ್ಲಿ ಸುಮಾರು 8 ಮೀಟರ್. ಅರ್ಧ ಮಿಲಿಮೀಟರು ದಪ್ಪದ ಗೆರೆಯೇ ನೆಲಕ್ಕೆ ಬಂದಾಗ 13 ಅಡಿ ಅಗಲದ ಪಟ್ಟಿಯಾಗುತ್ತದೆ. ಹಳೆಯ ಕಾಗದ ಹಿಗ್ಗಿರುತ್ತದೆ, ಕುಗ್ಗಿರುತ್ತದೆ. ಅದನ್ನು ಗಣಕಕ್ಕೆ ಏರಿಸುವಾಗ, ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಸ್ವಲ್ಪ ಸ್ವಲ್ಪ ಸರಿದಿರುತ್ತದೆ. ಪರದೆಯ ಮೇಲೆ ಬೆರಳಿನಿಂದ ಎಷ್ಟೇ ದೊಡ್ಡದು ಮಾಡಿದರೂ ಗೆರೆ ದೊಡ್ಡದಾಗಿ ಕಂಡೀತೇ ಹೊರತು ಸರಿಯಾಗುವುದಿಲ್ಲ.

ಮೂರನೆಯದು ಹಿಸ್ಸೆಯ ಪ್ರಶ್ನೆ. ಗ್ರಾಮ ನಕ್ಷೆ ಮುಖ್ಯವಾಗಿ ಸರ್ವೆ ನಂಬರಿನ ಹೊರಗಡಿಯನ್ನು ಹೇಳುತ್ತದೆ. ಒಂದು ನಂಬರು ನಾಲ್ಕು ಪಾಲಾಗಿ, ಪೋಡಿಯೂ ಆಗದೆ ಉಳಿದಿದ್ದರೆ, ನಾಲ್ವರಲ್ಲಿ ಯಾರದು ಎಲ್ಲಿ ಎಂಬುದನ್ನು ಅದರಲ್ಲಿ ಹುಡುಕಿ ಫಲವಿಲ್ಲ.

ಫೋನು ಹಿಡಿದು ಹೊಲದ ಸುತ್ತ ನಡೆದರೆ ವಿಸ್ತೀರ್ಣ ಹೇಳುವ ಆ್ಯಪ್‌ಗಳೂ ಇವೆ. ಉಳುಮೆಯ ಬಾಡಿಗೆ, ಗೊಬ್ಬರದ ಅಂದಾಜು, ಹನಿ ನೀರಾವರಿ ಪೈಪಿನ ಅಂದಾಜು ಇವಕ್ಕೆ ಅವುಗಳನ್ನು ಬಳಸಲು ಅಡ್ಡಿಯಿಲ್ಲ. ಪಾಲು ಮಾಡಲು ಬಳಸಬೇಡಿ.

ಬೆಳೆ ಸಮೀಕ್ಷೆಯಲ್ಲಿ ಜಾಗದ ಬೆಲೆ

2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಫೋನಿನಿಂದ ದಾಖಲಿಸುವ ಆ್ಯಪ್ ಅನ್ನು ರಾಜ್ಯ ಸರ್ಕಾರ ತಂದಿತು. ಬೆಳೆ ಸಮೀಕ್ಷೆಯ ಈ ದಾಖಲೆಯನ್ನು ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬರ ಮತ್ತು ಅತಿವೃಷ್ಟಿಯ ಪರಿಹಾರ ಇವುಗಳಿಗೆ ನೋಡುತ್ತಾರೆ. ನಿಮ್ಮ ರಾಗಿ ಹೊಲಕ್ಕೆ ತೆಂಗು ಎಂದೋ, ತೆಂಗಿನ ತೋಟಕ್ಕೆ ಪಾಳು ಎಂದೋ ದಾಖಲಾದರೆ ರಾಗಿ, ಕೊಬ್ಬರಿ ಮಾರುವ ಹೊತ್ತಿಗೆ ತೊಂದರೆ ತಪ್ಪಿದ್ದಲ್ಲ.

ಆದ್ದರಿಂದ ಚಿತ್ರ ತೆಗೆಯುವಾಗ ಬದುವಿನ ಮೇಲೆ ನಿಲ್ಲಬೇಡಿ. ಮೇಲೆ ಹೇಳಿದ ಅರ್ಧ ಚೈನಿನ ಲೆಕ್ಕ ಇಲ್ಲಿಯೂ ಉಂಟು. ಬದುವಿನ ಮೇಲೆ ನಿಂತರೆ ನೀವು ಪಕ್ಕದ ನಂಬರಿನಲ್ಲಿ ಇರುವಂತೆ ಫೋನು ತೋರಿಸಬಹುದು. ಹೊಲದ ನಡುವೆ, ಆದಷ್ಟು ಬಯಲಾದ ಕಡೆ ನಿಂತು, ಲೊಕೇಶನ್ ಆನ್ ಮಾಡಿ ಒಂದೆರಡು ನಿಮಿಷ ಕಾದು, ನೀಲಿ ಚುಕ್ಕೆ ಅಲುಗಾಡುವುದು ನಿಂತ ಮೇಲೆ ಚಿತ್ರ ತೆಗೆಯಿರಿ. ಮಿಶ್ರ ಬೆಳೆ ಇದ್ದರೆ ಎಲ್ಲ ಬೆಳೆಗಳನ್ನೂ ನಮೂದಿಸಿ.

ಬೇರೆಯವರು ಸಮೀಕ್ಷೆ ಮಾಡಿದ್ದರೆ, ನಿಮ್ಮ ನಂಬರಿಗೆ ಏನು ದಾಖಲಾಗಿದೆ ಎಂಬುದನ್ನು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಕೊಯ್ಲು ಮುಗಿದ ಮೇಲೆ ಹೇಳಿದರೆ ಸಾಕ್ಷಿಗೆ ಬೆಳೆಯೇ ಇರುವುದಿಲ್ಲ. ಬೆಳೆ ಹೊಲದಲ್ಲಿರುವಾಗಲೇ ನೋಡಿಕೊಳ್ಳಿ.

ಗಡಿಗೆ ಯಾರನ್ನು ಕೇಳಬೇಕು?

ಗಡಿಯ ಅನುಮಾನ ಬಂದರೆ ‘ಹದ್ದುಬಸ್ತು’ ಅರ್ಜಿ ಕೊಡುವುದೇ ಸರಿಯಾದ ದಾರಿ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು. ಭೂಮಾಪಕರು ಅಕ್ಕಪಕ್ಕದ ಖಾತೆದಾರರಿಗೆ ನೋಟೀಸು ಕೊಟ್ಟು, ಮೂಲ ಸರ್ವೆ ದಾಖಲೆಯ ಅಳತೆಗಳಂತೆ ಅಳೆದು, ಗಡಿ ಗುರುತಿಸಿ ಕೊಡುತ್ತಾರೆ. ಇಲಾಖೆಯವರು ಬಳಸುವ ರೋವರ್ ಎಂಬ ಉಪಕರಣವೂ ಉಪಗ್ರಹಗಳನ್ನೇ ಆಧರಿಸಿದೆ. ಆದರೆ ಅದು ನೆಲದ ಮೇಲೆ ಸ್ಥಿರವಾಗಿ ನೆಟ್ಟ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರುಗಳ ಲೆಕ್ಕದಲ್ಲಿ ಅಳೆಯುತ್ತದೆ. ನಿಮ್ಮ ಜೇಬಿನ ಫೋನನ್ನು ಅದಕ್ಕೆ ಹೋಲಿಸುವುದು ಮಾರನ್ನು ಅಂಗುಲಕ್ಕೆ ಹೋಲಿಸಿದಂತೆ.

ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ಅಥವಾ ಕೊಳ್ಳುವುದಾದರೆ ‘11ಇ’ ನಕ್ಷೆ ಮಾಡಿಸಬೇಕು. ಪಾಲುಗಳಿಗೆ ಬೇರೆ ಬೇರೆ ಪಹಣಿ, ನಕ್ಷೆ ಬೇಕಾದರೆ ಪೋಡಿಗೆ ಅರ್ಜಿ ಕೊಡಬೇಕು. ಬಾಂದುಕಲ್ಲನ್ನು ಕೀಳುವುದು, ಸರಿಸುವುದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ದಂಡನೆಗೆ ಗುರಿಯಾಗುವ ಕೆಲಸ. ಫೋನು ತೋರಿಸಿತು ಎಂಬುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ.

ಹಾಗೆಂದು ಫೋನು ಇಲ್ಲಿ ನಿರುಪಯೋಗಿಯೇನೂ ಅಲ್ಲ. ಭೂಮಾಪಕರು ಗಡಿ ತೋರಿಸಿ ಕಲ್ಲು ನೆಡಿಸಿದ ದಿನವೇ, ಪ್ರತಿ ಕಲ್ಲಿನ ಚಿತ್ರವನ್ನು ಲೊಕೇಶನ್ ಸಹಿತ ತೆಗೆದು ಇಟ್ಟುಕೊಳ್ಳಿ. ಮುಂದೆ ಪೊದೆ ಬೆಳೆದು ಕಲ್ಲು ಮುಚ್ಚಿಹೋದಾಗ ಎಲ್ಲಿ ಹುಡುಕಬೇಕು ಎಂಬುದಕ್ಕೆ ಆ ಚಿತ್ರ ನೆರವಾಗುತ್ತದೆ.

ಗಮನದಲ್ಲಿಡಬೇಕಾದ ಎಚ್ಚರಿಕೆಗಳು

• ನಕ್ಷೆಯ ಆ್ಯಪನ್ನು ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ. ಹಾಕುವ ಮೊದಲು ಅದನ್ನು ಹೊರತಂದ ಸಂಸ್ಥೆಯ ಹೆಸರು ಓದಿ. ವಾಟ್ಸ್ಆ್ಯಪಿನಲ್ಲಿ ಬಂದ ಕೊಂಡಿಯನ್ನೋ ಕಡತವನ್ನೋ ಒತ್ತಬೇಡಿ. ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ಇಂಥವನ್ನು ಕಳಿಸಿ ಬ್ಯಾಂಕಿನ ಹಣ ದೋಚುವವರಿದ್ದಾರೆ.

• ನಕ್ಷೆ ನೋಡಲು ಬ್ಯಾಂಕ್ ಖಾತೆ, ಎಟಿಎಂ ಪಿನ್ ಯಾವುದೂ ಬೇಕಿಲ್ಲ. ಕೇಳಿದರೆ ಆ ಆ್ಯಪನ್ನೇ ತೆಗೆದುಹಾಕಿ.

• ದಾರಿ ತೋರಿಸುತ್ತಿರುವಾಗ ಫೋನಿನ ಚಾರ್ಜು ಬೇಗ ಇಳಿಯುತ್ತದೆ. ಹೊರಡುವ ಮುಂಚೆ ತುಂಬಿಸಿಕೊಳ್ಳಿ.

• ಬೈಕು, ಟ್ರ್ಯಾಕ್ಟರು ಓಡಿಸುತ್ತ ಪರದೆ ನೋಡಬೇಡಿ. ಧ್ವನಿಯಲ್ಲಿ ಹೇಳುವಂತೆ ಮಾಡಿಕೊಳ್ಳಿ.

• ಪರದೆಯ ಬಾಣ ಬೇರೆ ದಿಕ್ಕು ತೋರಿಸುತ್ತಿದ್ದರೆ ಫೋನನ್ನು ಕೈಯಲ್ಲಿ ಹಿಡಿದು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಮೂರು ಬಾರಿ ಆಡಿಸಿ, ಸರಿಹೋಗುತ್ತದೆ.

ಈ ವಾರ ಬಿಡುವು ಮಾಡಿಕೊಂಡು ಮೂರು ಕೆಲಸ ಮುಗಿಸಿ. ದಾರಿಯ ನಕ್ಷೆಯನ್ನು ಇಳಿಸಿಕೊಳ್ಳಿ. ಊರಿನ ಗ್ರಾಮ ನಕ್ಷೆಯ ಪಿಡಿಎಫ್ ಇಟ್ಟುಕೊಳ್ಳಿ. ತೋಟದ ಗೇಟಿನ ಎರಡು ಅಂಕಿಗಳನ್ನು ಬರೆದು ಮನೆಯವರಿಗೆ ತೋರಿಸಿ. ಕಲಿಸಲು ಮನೆಯ ಶಾಲೆಯ ಮಕ್ಕಳೇ ಸಾಕು. ಬೆಳೆ ಸಮೀಕ್ಷೆಯ ವಿಷಯದಲ್ಲಿ ಸಂದೇಹವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಬದುವಿನ ವಿಷಯ ಬಂದಾಗ ಮಾತ್ರ ಫೋನನ್ನು ಜೇಬಿಗೆ ಹಾಕಿ, ಪಕ್ಕದವರನ್ನೂ ಜೊತೆಗೆ ಕರೆದುಕೊಂಡು ನಾಡಕಚೇರಿಗೆ ಹೋಗಿ. ಇಬ್ಬರೂ ಸೇರಿ ಕೊಟ್ಟ ಅರ್ಜಿಯಿಂದ ಅಳತೆಯೂ ಆಗುತ್ತದೆ, ನೆರೆಹೊರೆಯೂ ಉಳಿಯುತ್ತದೆ.